ಆಲ್ಫಾ ಚಾನೆಲ್: ಬಣ್ಣದ ಪಕ್ಕದ ನಾಲ್ಕನೇ ಸಂಖ್ಯೆ

ವಿಡಿಯೊ ಮೇಲೆ ಒಂದು ದುಂಡನೆಯ ಲೋಗೊ ಕೂರಿಸಬೇಕು. ಲೋಗೊ ದುಂಡಗಿದ್ದರೂ ಅದರ ಚಿತ್ರದ ಫೈಲಿಗೆ ನಾಲ್ಕು ಮೂಲೆ ಇದ್ದೇ ಇರುತ್ತದೆ. ಆ ಮೂಲೆಗಳು ಕಾಣದೆ, ಲೋಗೊ ಮಾತ್ರ ಕಾಣುವುದು ಹೇಗೆ? ಅದು ಆಲ್ಫಾ ಚಾನೆಲ್ ಮಾಡುವ ಕೆಲಸ.

ಬಣ್ಣದ ಚಿತ್ರದ ಪ್ರತಿ ಪಿಕ್ಸೆಲ್‌ಗೂ, ಅಂದರೆ ಪ್ರತಿ ಚುಕ್ಕಿಗೂ, ಮೂರು ಸಂಖ್ಯೆಗಳಿರುತ್ತವೆ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. 8 ಬಿಟ್ ಚಿತ್ರದಲ್ಲಿ ಇವು ಒಂದೊಂದೂ 0ಯಿಂದ 255ರವರೆಗೆ ಇರಬಹುದು. ಇವುಗಳ ಪಕ್ಕ ಕೂರುವ ನಾಲ್ಕನೇ ಸಂಖ್ಯೆಯೇ ಆಲ್ಫಾ. ಈ ಪಿಕ್ಸೆಲ್ ತನ್ನ ಹಿಂದಿರುವುದನ್ನು ಎಷ್ಟು ಮುಚ್ಚುತ್ತದೆ ಅಂತ ಅದು ಹೇಳುತ್ತದೆ. 255 ಇದ್ದರೆ ಪೂರ್ತಿ ಮುಚ್ಚುತ್ತದೆ, 0 ಇದ್ದರೆ ಏನೂ ಮುಚ್ಚುವುದಿಲ್ಲ. ಲೆಕ್ಕ ಮಾಡುವಾಗ ಇದನ್ನೇ 0ಯಿಂದ 1ರ ನಡುವಿನ ಸಂಖ್ಯೆಯಾಗಿ ಬಳಸುತ್ತಾರೆ.

ಲೆಕ್ಕ ಕಷ್ಟದ್ದೇನಲ್ಲ. ಮುಂದಿರುವ ಪಿಕ್ಸೆಲ್‌ನ ಬಣ್ಣವನ್ನು ಆಲ್ಫಾದಿಂದ ಗುಣಿಸಬೇಕು. 1ರಲ್ಲಿ ಆಲ್ಫಾ ಕಳೆದರೆ ಉಳಿಯುವುದರಿಂದ ಹಿಂದಿನ ಬಣ್ಣವನ್ನು ಗುಣಿಸಬೇಕು. ಆಮೇಲೆ ಎರಡನ್ನೂ ಕೂಡಿಸಬೇಕು. ಮುಂದಿನ ಕೆಂಪು 200, ಹಿಂದಿನದು 100, ಆಲ್ಫಾ 0.25 ಅಂದುಕೊಳ್ಳಿ. 50 ಮತ್ತು 75 ಸೇರಿ 125 ಬಂತು. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಟ್ರ್ಯಾಕ್ ಮೇಲೆ ಇನ್ನೊಂದು ಟ್ರ್ಯಾಕ್ ಇಟ್ಟಾಗಲೆಲ್ಲ ಪ್ರತಿ ಫ್ರೇಮಿನ ಪ್ರತಿ ಪಿಕ್ಸೆಲ್‌ಗೂ ಇದೇ ಲೆಕ್ಕ ನಡೆಯುತ್ತದೆ.

ಈ ಸೂತ್ರದಲ್ಲಿ ಗ್ರೀಕ್ ಅಕ್ಷರ ಆಲ್ಫಾ ಬರುತ್ತದೆ. ಹೆಸರು ಬಂದದ್ದೂ ಅಲ್ಲಿಂದಲೇ. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಕೆಲಸ ಮಾಡುತ್ತಿದ್ದ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಇದನ್ನು ಚಿತ್ರದ ಒಳಗೇ ಒಂದು ಚಾನೆಲ್ ಆಗಿ ಸೇರಿಸಿದರು. ಆಗ ಒಂದು ಚಿತ್ರವನ್ನು ಲೆಕ್ಕ ಹಾಕಿ ಮೂಡಿಸುವುದಕ್ಕೆ, ಅಂದರೆ ರೆಂಡರ್ ಮಾಡುವುದಕ್ಕೆ, ತುಂಬ ಹೊತ್ತು ಬೇಕಿತ್ತು. ಹಿನ್ನೆಲೆ ಬದಲಾದಾಗಲೆಲ್ಲ ಮತ್ತೆ ರೆಂಡರ್ ಮಾಡುವುದು ದುಬಾರಿ. ಆಲ್ಫಾವನ್ನೂ ಜೊತೆಗೆ ಉಳಿಸಿಟ್ಟರೆ ಒಂದು ಸಲ ರೆಂಡರ್ ಮಾಡಿದ ವಸ್ತುವನ್ನು ಯಾವ ಹಿನ್ನೆಲೆಯ ಮೇಲಾದರೂ ಕೂರಿಸಬಹುದು. ಇವತ್ತು ಹವ್ಯಾಸಕ್ಕೆ ಎಡಿಟ್ ಮಾಡುವವರು ಲೇಯರ್ ಮೇಲೆ ಲೇಯರ್ ಇಟ್ಟು ಆಟ ಆಡಲು ಸಾಧ್ಯವಾಗಿರುವುದು ಈ ಒಂದು ಯೋಚನೆಯಿಂದ. ನನಗಂತೂ ಕಂಪ್ಯೂಟರ್ ಗ್ರಾಫಿಕ್ಸ್‌ನ ಅತಿ ಸುಂದರ ಯೋಚನೆಗಳಲ್ಲಿ ಇದೂ ಒಂದು.

ಆಲ್ಫಾ ಅಂದರೆ ಪಾರದರ್ಶಕತೆ ಅಂತ ಹೇಳಿ ಮುಗಿಸುವವರು ಜಾಸ್ತಿ. ಗಾಜಿನಂಥ ವಸ್ತುಗಳಿಗೆ ಅದು ಸರಿ. ಆದರೆ ಆಲ್ಫಾದ ನಿಜವಾದ ಕೆಲಸ ಅಂಚುಗಳಲ್ಲಿದೆ. ಕಲ್ಲಿನ ಚಿತ್ರವನ್ನೇ ತೆಗೆದುಕೊಳ್ಳಿ. ಕಲ್ಲಿನಲ್ಲಿ ಪಾರದರ್ಶಕವಾದದ್ದು ಏನೂ ಇಲ್ಲ. ಆದರೂ ಅದರ ಅಂಚು ಕೆಲವು ಪಿಕ್ಸೆಲ್‌ಗಳ ಒಳಗೇ ಹಾದುಹೋಗುತ್ತದೆ. ಒಂದು ಪಿಕ್ಸೆಲ್‌ನ ಶೇ 40ರಷ್ಟು ಜಾಗದಲ್ಲಿ ಮಾತ್ರ ಕಲ್ಲಿದ್ದರೆ ಅಲ್ಲಿ ಆಲ್ಫಾ 0.4. ಹೀಗೆ ಅಂಚಿನಲ್ಲಿ ನಡುವಿನ ಬೆಲೆಗಳು ಇರುವುದರಿಂದಲೇ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣದೆ ನುಣುಪಾಗಿ ಕಾಣುತ್ತದೆ. ಕೂದಲು, ಹೊಗೆ, ವೇಗವಾಗಿ ಬೀಸಿದ ಕೈಯ ಮಸುಕು, ಇವೆಲ್ಲ ಬಹುಪಾಲು ಅಂಚೇ ಅಲ್ವಾ? ಹಸಿರು ಪರದೆಯ ಮುಂದೆ ತೆಗೆದ ದೃಶ್ಯದಲ್ಲಿ ಕೂದಲೇ ಎಲ್ಲಕ್ಕಿಂತ ಹೆಚ್ಚು ಕಾಡುವುದು ಅದಕ್ಕೇ. ಪರದೆಯ ಹಸಿರನ್ನು ತೆಗೆಯುವ ಕ್ರೋಮಾ ಕೀ ಎಂಬ ವಿಧಾನ ಮಾಡುವುದು ಇಷ್ಟೇ: ಬಣ್ಣ ನೋಡಿ ಆಲ್ಫಾವನ್ನು ಊಹಿಸುವುದು. ಎಳೆ ಎಳೆಯಾದ ಕೂದಲಲ್ಲಿ ಆ ಊಹೆ ಬೇಗ ತಪ್ಪುತ್ತದೆ.

ಇನ್ನು, ಕತ್ತರಿಸಿ ಅಂಟಿಸಿದ ಚಿತ್ರದ ಸುತ್ತ ತೆಳ್ಳನೆಯ ಕಪ್ಪು ಗೆರೆ ಬರುವುದನ್ನು ನೋಡಿರುತ್ತೀರಿ. ಅದಕ್ಕೆ ಕಾರಣ ತಿಳಿಯಬೇಕಾದರೆ ಆಲ್ಫಾವನ್ನು ಉಳಿಸುವ ಎರಡು ವಿಧಾನ ಗೊತ್ತಿರಬೇಕು. ಮೊದಲನೆಯದು ಸ್ಟ್ರೇಟ್. ಇದರಲ್ಲಿ ಬಣ್ಣ ಬಣ್ಣವಾಗಿಯೇ ಇರುತ್ತದೆ, ಆಲ್ಫಾ ಪಕ್ಕದಲ್ಲಿರುತ್ತದೆ. ಎರಡನೆಯದು ಪ್ರೀಮಲ್ಟಿಪ್ಲೈಡ್. ಇದರಲ್ಲಿ ಬಣ್ಣವನ್ನು ಮೊದಲೇ ಆಲ್ಫಾದಿಂದ ಗುಣಿಸಿ ಇಟ್ಟಿರುತ್ತಾರೆ. ಅರ್ಧ ಮುಚ್ಚುವ ಬಿಳಿ ಪಿಕ್ಸೆಲ್ ಸ್ಟ್ರೇಟ್ ವಿಧಾನದಲ್ಲಿ 255 ಆಗಿಯೇ ಇರುತ್ತದೆ, ಪ್ರೀಮಲ್ಟಿಪ್ಲೈಡ್‌ನಲ್ಲಿ ಸುಮಾರು 128 ಆಗಿರುತ್ತದೆ. ಈ ಎರಡನೇ ಫೈಲನ್ನು ಸಾಫ್ಟ್‌ವೇರ್ ಸ್ಟ್ರೇಟ್ ಅಂದುಕೊಂಡರೆ ಏನಾಗುತ್ತದೆ? ಒಮ್ಮೆ ಗುಣಿಸಿದ್ದನ್ನು ಮತ್ತೆ ಗುಣಿಸುತ್ತದೆ. 128 ಹೋಗಿ 64 ಆಗುತ್ತದೆ. ಬಿಳಿ ಹಿನ್ನೆಲೆಯ ಮೇಲೆ ಇಟ್ಟಾಗ 255 ಬರಬೇಕಾದಲ್ಲಿ 191ರ ಸುಮಾರಿಗೆ ನಿಲ್ಲುತ್ತದೆ. ಕಣ್ಣಿಗೆ ಕಾಣುವ ಕಪ್ಪು ಗೆರೆ ಅದೇ. ತಪ್ಪು ತಿರುಗುಮುರುಗಾದರೆ ಅಂಚು ಬೆಳ್ಳಗೆ ಹೊಳೆಯುತ್ತದೆ.

ಗೆರೆ ಬಂತೆಂದು ಅಂಚನ್ನು ಸವೆಸುತ್ತಾ ಕೂರುವವರಿದ್ದಾರೆ. ಅದರ ಬದಲು ಆ ಫೈಲಿನ ಆಲ್ಫಾ ಸೆಟ್ಟಿಂಗ್ ತೆರೆದು ನೋಡುವುದು ಒಳ್ಳೆಯದು. ಆಫ್ಟರ್ ಎಫೆಕ್ಟ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಇಂಟರ್‌ಪ್ರೆಟ್ ಫೂಟೇಜ್ ಎಂಬಲ್ಲಿ ಇದು ಸಿಗುತ್ತದೆ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಚಿತ್ರದ ಸೆಟ್ಟಿಂಗ್‌ಗಳಲ್ಲೇ ಸ್ಟ್ರೇಟ್, ಪ್ರೀಮಲ್ಟಿಪ್ಲೈಡ್ ಎಂಬ ಆಯ್ಕೆಗಳಿವೆ. ಒಂದೇ ಚಿತ್ರವನ್ನು ಎರಡೂ ರೀತಿಯಲ್ಲಿ ಓದಿಸಿ, ಕಪ್ಪು, ಬಿಳಿ, ಕೆಂಪು ಹಿನ್ನೆಲೆಗಳ ಮೇಲೆ ಇಟ್ಟು ನೋಡಿ. ಇದಕ್ಕಿಂತ ಚೆನ್ನಾಗಿ ಕಲಿಸುವ ಪ್ರಯೋಗ ಇನ್ನೊಂದಿಲ್ಲ.

ಮೊದಲೇ ಗುಣಿಸಿ ಇಡುವ ತೊಂದರೆ ಯಾಕೆ ಬೇಕು? 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಬರೆದ ಪ್ರಬಂಧ ಇದರ ಲಾಭವನ್ನು ಚೆನ್ನಾಗಿ ತೋರಿಸಿತು. ಇಬ್ಬರೂ ಆಗ ಲ್ಯೂಕಾಸ್‌ಫಿಲ್ಮ್ ಎಂಬ ಸಿನಿಮಾ ಕಂಪನಿಯಲ್ಲಿದ್ದರು. ಒಂದು ಚಿತ್ರವನ್ನು ಇನ್ನೊಂದರ ಮೇಲೆ ಇಡುವ ಓವರ್, ಒಂದರ ಆಕಾರದೊಳಗೆ ಇನ್ನೊಂದನ್ನು ತೋರಿಸುವ ಇನ್, ಹೀಗೆ ಹಲವು ಕ್ರಿಯೆಗಳನ್ನು ಅವರು ಒಂದೇ ಚೌಕಟ್ಟಿಗೆ ತಂದರು. ಬಣ್ಣವನ್ನು ಮೊದಲೇ ಗುಣಿಸಿಟ್ಟರೆ ಈ ಲೆಕ್ಕಗಳೆಲ್ಲ ಹಗುರಾಗುತ್ತವೆ. ಮಸುಕು ಮಾಡುವಾಗ, ಗಾತ್ರ ಬದಲಿಸುವಾಗ ಇನ್ನೂ ಒಂದು ಉಪಯೋಗ ಇದೆ. ಈ ಎರಡೂ ಕೆಲಸಗಳಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆಯುತ್ತಾರೆ. ಸ್ಟ್ರೇಟ್ ಚಿತ್ರದಲ್ಲಿ ಆಲ್ಫಾ 0 ಇರುವ ಪಿಕ್ಸೆಲ್‌ಗೂ ಏನೋ ಒಂದು ಬಣ್ಣ ಅಡಗಿರುತ್ತದೆ, ಎಷ್ಟೋ ಸಲ ಕಪ್ಪು. ಸುಮ್ನೆ ಸರಾಸರಿ ತೆಗೆದರೆ ಅದೂ ಅಂಚಿಗೆ ಸೋರುತ್ತದೆ. ಪ್ರೀಮಲ್ಟಿಪ್ಲೈಡ್ ಆದರೆ ಕಾಣದ ಪಿಕ್ಸೆಲ್‌ಗೆ ಸರಾಸರಿಯಲ್ಲಿ ಬಣ್ಣದ ಪಾಲು ಇರುವುದೇ ಇಲ್ಲ. ಇನ್ನೊಂದು ಸೊಗಸು: ಬೇಕೆಂದೇ ಬಣ್ಣ ಉಳಿಸಿ ಆಲ್ಫಾ ಮಾತ್ರ 0 ಮಾಡಿದ ಪಿಕ್ಸೆಲ್ ಇಲ್ಲಿ ಹಿಂದಿನದನ್ನು ಮುಚ್ಚದೆ ಬೆಳಕನ್ನು ಮಾತ್ರ ಸೇರಿಸುತ್ತದೆ. ಬೆಂಕಿ, ಕಿಡಿ, ಮಿಂಚು ಮಾಡುವವರಿಗೆ ಇದು ತುಂಬ ಬೇಕಾದದ್ದು.

ಫೈಲುಗಳ ವಿಷಯ ಚಿಕ್ಕದಾಗಿ. ಜೆಪೆಗ್‌ನಲ್ಲಿ ಆಲ್ಫಾ ಇಲ್ಲ. ಗಿಫ್‌ನಲ್ಲಿ ಪಿಕ್ಸೆಲ್ ಪೂರ್ತಿ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ, ನಡುವಿನದಿಲ್ಲ. ಪಿಎನ್‌ಜಿಯಲ್ಲಿ ಸ್ಟ್ರೇಟ್ ಆಲ್ಫಾ ಇರುತ್ತದೆ. ಓಪನ್‌ಇಎಕ್ಸ್‌ಆರ್‌ನಲ್ಲಿ ಸಾಮಾನ್ಯವಾಗಿ ಪ್ರೀಮಲ್ಟಿಪ್ಲೈಡ್. ವಿಡಿಯೊದಲ್ಲಿ ಸ್ವಲ್ಪ ಎಚ್ಚರ ಬೇಕು. ನಾವು ದಿನಾ ಬಳಸುವ ಎಚ್.264 ಎಂಪಿ4 ಫೈಲಿನಲ್ಲಿ ಆಲ್ಫಾ ಉಳಿಯುವುದಿಲ್ಲ. ಪ್ರೋರೆಸ್ 4444 ಎಂಬ ವಿಡಿಯೊ ರೂಪದಲ್ಲಿ ಉಳಿಯುತ್ತದೆ, ಆ ಕೊನೆಯ 4 ಇರುವುದೇ ಆಲ್ಫಾಗಾಗಿ. ಅದು ಸಿಗದಿದ್ದರೆ ಫ್ರೇಮುಗಳನ್ನು ಒಂದೊಂದು ಪಿಎನ್‌ಜಿಯಾಗಿ ರೆಂಡರ್ ಮಾಡಿ, ಎಡಿಟರ್‌ನಲ್ಲಿ ಇಮೇಜ್ ಸೀಕ್ವೆನ್ಸ್ ಆಗಿ ತೆರೆಯಬಹುದು. ಜಾಗ ಜಾಸ್ತಿ ಬೇಕಾಗುತ್ತದೆ, ಆದರೆ ನಡುವೆ ರೆಂಡರ್ ನಿಂತುಹೋದರೂ ಅಲ್ಲಿಯವರೆಗೆ ಬಂದ ಫ್ರೇಮುಗಳು ಕೈಯಲ್ಲೇ ಇರುತ್ತವೆ.