ಬ್ಯಾಕ್‌ಪ್ಲೇಟ್: ಸ್ಟೀಲ್ ತಗೊಳ್ಳಲಾ, ಅಲ್ಯೂಮಿನಿಯಂ ತಗೊಳ್ಳಲಾ?

ಪ್ರಶ್ನೆ: ನೇತ್ರಾಣಿಯಲ್ಲಿ ಸ್ಕೂಬಾ ಕಲಿತೆ, ಆಮೇಲೆ ಅಂಡಮಾನಿಗೂ ಹೋಗಿಬಂದೆ. ಬಾಡಿಗೆ ಜಾಕೆಟ್ (ಸಿಲಿಂಡರ್ ಹೊರುವ, ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಅಂಗಿ) ಸಾಕಾಗಿಹೋಗಿದೆ. ಸ್ವಂತಕ್ಕೆ ಬ್ಯಾಕ್‌ಪ್ಲೇಟ್ ಮತ್ತು ವಿಂಗ್ ಕೊಳ್ಳೋಣ ಅಂತಿದ್ದೇನೆ. ಪ್ಲೇಟ್ ಸ್ಟೀಲಿನದು ಒಳ್ಳೆಯದೋ, ಅಲ್ಯೂಮಿನಿಯಂದು ಒಳ್ಳೆಯದೋ? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಎಲ್ಲರೂ ತಮ್ಮ ಮೈಗೆ, ತಾವು ಇಳಿಯುವ ನೀರಿಗೆ ಹೊಂದಿದ್ದನ್ನು ಹೇಳುತ್ತಾರೆ. ಗೊಂದಲ ಹುಟ್ಟುವುದು ಅಲ್ಲೇ. ಯಾವ ಲೋಹ ಅಂತ ಯೋಚಿಸುವ ಮೊದಲು ಒಂದು ಲೆಕ್ಕ ನೋಡಿ: ಈಗ ಮುಳುಗಲು ಸೊಂಟಕ್ಕೆ ಎಷ್ಟು ಕೆಜಿ ಸೀಸ ಕಟ್ಟುತ್ತಿದ್ದೀರಿ? ಪ್ಲೇಟಿನ ಆಯ್ಕೆ ಮುಕ್ಕಾಲು ಪಾಲು ಇಷ್ಟರಲ್ಲೇ ಮುಗಿಯುತ್ತದೆ.

ಬ್ಯಾಕ್‌ಪ್ಲೇಟ್ ಅಂದರೆ ಬೆನ್ನಿಗೆ ಕೂರುವ ಮಡಚಿದ ಲೋಹದ ಹಲಗೆ, ಅಷ್ಟೇ. ಅದಕ್ಕೆ 5 ಸೆಂಟಿಮೀಟರ್ ಅಗಲದ ಪಟ್ಟಿ ಪೋಣಿಸಿ ಹಾರ್ನೆಸ್ ಮಾಡುತ್ತಾರೆ. ಹಿಂದೆ ಗಾಳಿ ತುಂಬುವ ಚೀಲ, ಅಂದರೆ ವಿಂಗ್, ಅದರ ಹಿಂದೆ ಸಿಲಿಂಡರ್. ಇದನ್ನು ರೂಢಿಗೆ ತಂದವರು ಫ್ಲಾರಿಡಾದ ಗುಹೆಗಳಲ್ಲಿ ಈಜುತ್ತಿದ್ದ ಡೈವರ್‌ಗಳು. ಬೋಲ್ಟ್ ತೂತುಗಳ ನಡುವಿನ 11 ಇಂಚಿನ ಅಂತರ ಅವರ ಜೋಡಿ ಸಿಲಿಂಡರ್‌ನಿಂದ ಬಂದ ಅಳತೆ. ಹಾಗಾಗಿಯೇ ಒಂದು ಕಂಪನಿಯ ಪ್ಲೇಟಿಗೆ ಇನ್ನೊಂದು ಕಂಪನಿಯ ವಿಂಗ್ ಸಾಮಾನ್ಯವಾಗಿ ಕೂರುತ್ತದೆ.

ಈಗ ತೂಕಕ್ಕೆ ಬರೋಣ. 3 ಮಿಲಿಮೀಟರ್ ದಪ್ಪದ ಸ್ಟೀಲ್ ಪ್ಲೇಟ್ ಸುಮಾರು 2.7 ಕೆಜಿ ತೂಗುತ್ತದೆ. ಅದೇ ಅಳತೆಯ ಅಲ್ಯೂಮಿನಿಯಂ ಪ್ಲೇಟ್ ಸುಮಾರು 0.9 ಕೆಜಿ. ಆಕಾರ ಒಂದೇ ಆದ್ದರಿಂದ ಎರಡೂ ಪಕ್ಕಕ್ಕೆ ತಳ್ಳುವ ನೀರು ಒಂದೇ, ಸುಮಾರು ಮೂರನೇ ಒಂದು ಲೀಟರ್. ಅಂದರೆ ಸಮುದ್ರದಲ್ಲಿ ಎರಡರಿಂದಲೂ ಹತ್ತಿರ ಹತ್ತಿರ 350 ಗ್ರಾಂ ಕಳೆಯಬೇಕು. ಸ್ಟೀಲ್ ನಿಮ್ಮನ್ನು 2.35 ಕೆಜಿಯಷ್ಟು ಕೆಳಕ್ಕೆ ಎಳೆಯುತ್ತದೆ, ಅಲ್ಯೂಮಿನಿಯಂ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ.

ಒಂದು ಉದಾಹರಣೆ. 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್ (ಮೈಗಂಟುವ ರಬ್ಬರ್ ಸೂಟ್), ನಮ್ಮ ಕಡೆ ಎಲ್ಲರೂ ಕೊಡುವ 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್, ಬಾಡಿಗೆ ಜಾಕೆಟ್, 4 ಕೆಜಿ ಸೀಸ. ಆ ಜಾಕೆಟ್ಟಿನ ಒಳಗಿನ ಸ್ಪಂಜು ತೇಲುತ್ತದೆ. ಅದನ್ನು ಮುಳುಗಿಸಲಿಕ್ಕೇ ಸುಮಾರು 1 ಕೆಜಿ ಸೀಸ ಖರ್ಚಾಗುತ್ತಿತ್ತು ಅಂದುಕೊಳ್ಳಿ. ಜಾಕೆಟ್ ಹೋದರೆ ಉಳಿದದ್ದು 3 ಕೆಜಿ. ಸ್ಟೀಲ್ ಪ್ಲೇಟ್ ಹಾಕಿದರೆ ಸೀಸ ಅರ್ಧ, ಮುಕ್ಕಾಲು ಕೆಜಿಗೆ ಇಳಿಯುತ್ತದೆ. ಅಲ್ಯೂಮಿನಿಯಂ ಹಾಕಿದರೆ ಇನ್ನೂ ಎರಡೂವರೆ ಕೆಜಿ ಕಟ್ಟಬೇಕು. ಇಂಥವರಿಗೆ ನಾನು ಕಣ್ಣುಮುಚ್ಚಿ ಸ್ಟೀಲ್ ಅನ್ನುತ್ತೇನೆ.

ಆದರೆ ಸಣ್ಣ ಮೈಕಟ್ಟಿನವರು ಅದೇ ಜಾಕೆಟ್ಟಿನಲ್ಲಿ 2 ಕೆಜಿಗೇ ಇಳಿಯುತ್ತಿದ್ದರೆ? ಅವರಿಗೆ ಬೇಕಾದದ್ದು ಬರೀ 1 ಕೆಜಿ. ಸ್ಟೀಲ್ ಪ್ಲೇಟ್ ಹಾಕಿದರೆ ಒಂದೂಕಾಲು ಕೆಜಿಗೂ ಜಾಸ್ತಿ ಅನಗತ್ಯ ಭಾರ. ಅದನ್ನು ಸರಿದೂಗಿಸಲು ವಿಂಗಿಗೆ ಗಾಳಿ ತುಂಬುತ್ತಲೇ ಇರಬೇಕು. ಸೀಸವಾದರೆ ಬಿಚ್ಚಿಡಬಹುದು, ಪ್ಲೇಟನ್ನು ಏನು ಮಾಡುತ್ತೀರಿ? ಅವರಿಗೆ ಅಲ್ಯೂಮಿನಿಯಮ್ಮೇ ಸರಿ.

ಹಾಗಾಗಿ ಮೊದಲು ನಿಮ್ಮ ಸೀಸದ ಲೆಕ್ಕ ನಿಜವಾದದ್ದಾ ಅಂತ ನೋಡಿಕೊಳ್ಳಿ. ಹೊಸಬರಿಗೆ ಸುಲಭವಾಗಿ ಮುಳುಗಲಿ ಅಂತ ಒಂದೆರಡು ಕೆಜಿ ಜಾಸ್ತಿ ಕಟ್ಟಿಸುವ ರೂಢಿ ಇದೆ. ಡೈವ್ ಮುಗಿಯುವ ಹೊತ್ತಿಗೆ, ಸಿಲಿಂಡರಿನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಾಗ, 5 ಮೀಟರ್ ಆಳದಲ್ಲಿ ಜಾಕೆಟ್ ಪೂರ್ತಿ ಖಾಲಿ ಮಾಡಿ ನೋಡಿ. ಮಾಮೂಲಿ ಉಸಿರಾಟದಲ್ಲಿ ನಿಂತಲ್ಲೇ ನಿಂತರೆ ತೂಕ ಸರಿ. ಮುಳುಗತೊಡಗಿದರೆ ಸೀಸ ಜಾಸ್ತಿ ಇದೆ. ಈ ಪರೀಕ್ಷೆ ಮಾಡದೆ ಪ್ಲೇಟ್ ಕೊಳ್ಳಬೇಡಿ.

ಸಿಲಿಂಡರ್ ಬದಲಾದರೆ ಲೆಕ್ಕವೂ ಬದಲು. ನಮ್ಮ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾಗುತ್ತಾ ಬಂದಂತೆ ಒಂದೂವರೆಯಿಂದ ಎರಡು ಕೆಜಿಯಷ್ಟು ತೇಲುತ್ತದೆ. ನೀವು ಕಟ್ಟುವ ಸೀಸದಲ್ಲಿ ಒಂದು ಪಾಲು ಅದಕ್ಕೇ. ಯುರೋಪಿನಲ್ಲಿ ಸ್ಟೀಲ್ ಸಿಲಿಂಡರ್ ಜಾಸ್ತಿ. ಅವುಗಳಲ್ಲಿ ಹಲವು ಖಾಲಿಯಾದರೂ ಮುಳುಗಿಯೇ ಇರುತ್ತವೆ. ತೆಳು ಸೂಟ್, ಸ್ಟೀಲ್ ಸಿಲಿಂಡರ್, ಸ್ಟೀಲ್ ಪ್ಲೇಟ್ ಮೂರೂ ಸೇರಿದರೆ ಭಾರ ಅತಿಯಾಗುವುದು ಸುಲಭ. ಅದೇ ಜರ್ಮನಿಯ ತಣ್ಣನೆ ಕೆರೆಗಳಲ್ಲಿ ಡ್ರೈಸೂಟ್ (ಒಳಗೆ ನೀರು ಬಾರದ, ಗಾಳಿ ಇರುವ ಸೂಟ್) ಹಾಕಿ ಇಳಿಯುವ ನಮ್ಮ ಹುಡುಗರಿಗೆ ಸ್ಟೀಲ್ ಪ್ಲೇಟ್ ವರದಾನ. ಡ್ರೈಸೂಟ್ ಅಷ್ಟು ತೇಲುತ್ತದೆ.

ನಿಜವಾಗಿ ಹೆದರಬೇಕಾದ ಜೋಡಣೆ ಇನ್ನೊಂದಿದೆ. 7 ಮಿಲಿಮೀಟರ್ ವೆಟ್‌ಸೂಟ್, ಜೋಡಿ ಸ್ಟೀಲ್ ಸಿಲಿಂಡರ್, ದಪ್ಪ ಸ್ಟೀಲ್ ಪ್ಲೇಟ್. ನೀರಿನ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. 30 ಮೀಟರ್ ಆಳದಲ್ಲಿ ಒತ್ತಡ ನಾಲ್ಕು ಪಟ್ಟು. ಸೂಟಿನ ರಬ್ಬರಿನೊಳಗಿನ ಗುಳ್ಳೆಗಳು ಹಿಂಡಿಹೋಗಿ ಅದು ತೇಲಿಸುವ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಆಗ ವಿಂಗ್ ಹರಿದರೆ ಕಾಲು ಬಡಿದು ಮೇಲೆ ಬರುವುದು ಕಷ್ಟ, ಬಿಚ್ಚಿ ಬಿಸಾಡಲು ಸೀಸವೂ ಇರುವುದಿಲ್ಲ. ನೇತ್ರಾಣಿಯ ಬೆಚ್ಚನೆ ನೀರಿನಲ್ಲಿ ತೆಳು ಸೂಟು, ಒಂದೇ ಅಲ್ಯೂಮಿನಿಯಂ ಸಿಲಿಂಡರ್ ಇಟ್ಟುಕೊಂಡವರು ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಆದರೂ ಬರೀ ಫಿನ್ ಹೊಡೆದು ಮೇಲೇರಲು ಆಗುತ್ತದಾ ಅಂತ ಬೋಧಕರ ಎದುರು ಒಮ್ಮೆ ನೋಡಿಬಿಡಿ.

ಸ್ಟೀಲಿನ ಇನ್ನೊಂದು ಲಾಭವನ್ನು ಜನ ಅಷ್ಟಾಗಿ ಹೇಳುವುದಿಲ್ಲ. ನೀರಿನಲ್ಲಿ ನಮ್ಮ ಎದೆ ತೇಲುತ್ತದೆ, ಯಾಕೆಂದರೆ ಶ್ವಾಸಕೋಶ ಅಲ್ಲಿದೆ. ಸೀಸವನ್ನೆಲ್ಲ ಸೊಂಟಕ್ಕೆ ಕಟ್ಟಿದರೆ ಎದೆ ಮೇಲಕ್ಕೆ, ಕಾಲು ಕೆಳಕ್ಕೆ ಹೋಗುತ್ತದೆ. ಪ್ಲೇಟಿನ ಭಾರ ಬೆನ್ನಿನ ಮೇಲ್ಭಾಗಕ್ಕೂ ಹರಡುವುದರಿಂದ ಮಲಗಿದಂತೆ ಈಜುವುದು ಸಲೀಸು.

ಪ್ರಯಾಣದ ಮಾತೂ ಇದೆ. ದೇಶದೊಳಗಿನ ವಿಮಾನಗಳಲ್ಲಿ ಮಾಮೂಲಿ ಟಿಕೆಟ್ಟಿಗೆ ಸಿಗುವುದು ಹೆಚ್ಚಾಗಿ 15 ಕೆಜಿ. ಸೀಸವನ್ನು ಡೈವ್ ಸೆಂಟರಿನವರೇ ಕೊಡುತ್ತಾರೆ, ಸ್ಟೀಲ್ ಪ್ಲೇಟ್ ಮಾತ್ರ ನೀವೇ ಹೊರಬೇಕು. ವ್ಯತ್ಯಾಸ 1.8 ಕೆಜಿ. ವರ್ಷಕ್ಕೊಮ್ಮೆ ಹೋಗುವವರಿಗೆ ಅದು ದೊಡ್ಡದಲ್ಲ ಅನ್ನುವುದು ನನ್ನ ಅಭಿಪ್ರಾಯ.

ಟೈಟಾನಿಯಂ? ತುಕ್ಕು ಹಿಡಿಯಲ್ಲ, ಹಗುರ, ಆದರೆ ತುಂಬಾ ದುಬಾರಿ. ಹಗುರವೇ ಬೇಕಿದ್ದರೆ ಅಲ್ಯೂಮಿನಿಯಂ ಇದೆಯಲ್ಲ! ಕಾರ್ಬನ್ ಫೈಬರ್, ಪ್ಲಾಸ್ಟಿಕ್ ಪ್ಲೇಟುಗಳು ನೀರಿನಲ್ಲಿ ತೂಕವೇ ಇಲ್ಲದಂತಿರುತ್ತವೆ. ಬ್ಯಾಗಿನ ತೂಕವೇ ಮುಖ್ಯ ಅನ್ನುವವರಿಗೆ ಮಾತ್ರ.

‘ಬೆಂಗಳೂರಿನಲ್ಲೇ ಇದ್ದೀನಿ, ಪೀಣ್ಯದಲ್ಲಿ ಮಾಡಿಸಲಾ?’ ಅಂತ ಕೇಳುವವರೂ ಇದ್ದಾರೆ. ಖಂಡಿತ ಮಾಡಿಸಬಹುದು. ವೆಲ್ಡಿಂಗ್ ಇಲ್ಲ, ಕತ್ತರಿಸಿ ಮಡಚುವುದಷ್ಟೇ. ಆದರೆ ಶೀಟ್ ಯಾವ ಗ್ರೇಡ್ ಅಂತ ಗಟ್ಟಿಯಾಗಿ ಕೇಳಿ. ಪಾತ್ರೆಗಳಿಗೆ, ಗ್ರಿಲ್‌ಗಳಿಗೆ ಬಳಸುವ 200 ಸರಣಿಯ ಅಗ್ಗದ ಸ್ಟೀಲ್ ಉಪ್ಪುನೀರಿಗೆ ಬಿದ್ದರೆ ಬೇಗ ತುಕ್ಕು ಹಿಡಿಯುತ್ತದೆ. 304 ನಡೆಯುತ್ತದೆ, ಕಂದು ಕಲೆ ಬರಬಹುದು. 316ರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ. ಉಪ್ಪಿನ ಕಾಟ ತಡೆಯುವುದರಲ್ಲಿ ಅದೇ ಮೇಲು. ಆಯಸ್ಕಾಂತ ಹಿಡಿದು ನೋಡಿದರೆ 304 ಯಾವುದು, 316 ಯಾವುದು ಅಂತ ಗೊತ್ತಾಗಲ್ಲ, ಹೆಚ್ಚುಕಡಿಮೆ ಎರಡೂ ಅಂಟುವುದಿಲ್ಲ. ಶೀಟಿನ ಟೆಸ್ಟ್ ಸರ್ಟಿಫಿಕೇಟ್ ನೋಡುವುದೇ ದಾರಿ. ನೈಟ್ರೋಜನ್ ಗ್ಯಾಸಿನಲ್ಲಿ ಲೇಸರ್ ಕಟಿಂಗ್ ಮಾಡಿ ಅನ್ನಿ, ಅಂಚು ಕಪ್ಪಾಗುವುದಿಲ್ಲ.

ಅಲ್ಯೂಮಿನಿಯಂ ಆದರೆ 5052, 5083ನಂಥ ಗ್ರೇಡ್ ಕೇಳಿ, ಆನೊಡೈಸ್ ಮಾಡಿಸಿ (ಮೇಲ್ಮೈಗೆ ಕಾಪಾಡುವ ಆಕ್ಸೈಡ್ ಪದರ ಬರಿಸುವುದು). ಸ್ಟೀಲ್ ಬೋಲ್ಟ್ ತಾಗುವಲ್ಲಿ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಏಳುತ್ತದೆ. ಪ್ಲಾಸ್ಟಿಕ್ ವಾಷರ್ ಹಾಕಿ, ಪ್ರತಿ ಸಲ ಸಿಹಿನೀರಿನಲ್ಲಿ ತೊಳೆಯಿರಿ.

ಯಾವ ಲೋಹವೇ ಆಗಲಿ, ಪಟ್ಟಿ ತೂರಿಸುವ ಸೀಳುಗಳ ಒಳಗೆ ಬೆರಳಾಡಿಸಿ ನೋಡಿ. ಅಂಚು ಚೂಪಾಗಿದ್ದರೆ ಪಟ್ಟಿ ನಿಧಾನಕ್ಕೆ ಕೊಯ್ದುಹೋಗುತ್ತದೆ. ಉಜ್ಜಿ ದುಂಡಗೆ ಮಾಡಿಸದೆ ದುಡ್ಡು ಕೊಡಬೇಡಿ.