ಬೋಟಿನ ಬ್ಯಾಟರಿಯೊಳಗೆ ಕುದಿಯುವುದು ಏನು?

“ಬ್ಯಾಟರಿ ಚೆನ್ನಾಗಿ ಕುದೀಬೇಕು, ಆಗಲೇ ಫುಲ್ ಚಾರ್ಜ್.” ಮಲ್ಪೆ ಬಂದರಿನಲ್ಲೂ ಕೇಳಿದ್ದೇನೆ, ಮಂಗಳೂರಿನ ದಕ್ಕೆಯಲ್ಲೂ ಕೇಳಿದ್ದೇನೆ. ಅರ್ಧ ನಿಜ. ಉಳಿದರ್ಧವನ್ನು ನಂಬಿದರೆ ಇಂಜಿನ್ ರೂಮಿಗೆ ಬೆಂಕಿ ಬೀಳಬಹುದು.

ಮೊದಲಿಗೆ, ಅಲ್ಲಿ ಏನೂ ಕುದಿಯುತ್ತಿಲ್ಲ. ಗುಳ್ಳೆ ಬರುತ್ತಿರುವುದು ನೀರು ಒಡೆಯುವುದರಿಂದ. ಚಾರ್ಜ್ ಮಾಡುವಾಗ ಕರೆಂಟಿಗೆ ಒಂದು ಕೆಲಸ ಇರುತ್ತದೆ. ಬ್ಯಾಟರಿ ಬಳಸಿದಾಗ ಒಳಗಿನ ಸೀಸದ ಪ್ಲೇಟುಗಳ ಮೇಲೆ ಕೂತ ಸೀಸದ ಸಲ್ಫೇಟನ್ನು ಬಿಡಿಸಬೇಕು. 12 ವೋಲ್ಟಿನ ಬ್ಯಾಟರಿ 14.4 ವೋಲ್ಟಿನ ಹತ್ತಿರ ಬಂದಾಗ ಆ ಕೆಲಸ ಮುಗಿಯುತ್ತಾ ಬಂದಿರುತ್ತದೆ. ಚಾರ್ಜರ್ ಮಾತ್ರ ತಳ್ಳುತ್ತಲೇ ಇದ್ದರೆ? ತುಂಬಿದ ಕೊಡಕ್ಕೆ ನಲ್ಲಿ ಬಿಟ್ಟಂತೆ ಅನ್ನಬಹುದು. ಆದರೆ ಚೆಲ್ಲಿದ ನೀರಿನಿಂದ ಯಾರಿಗೂ ಅಪಾಯವಿಲ್ಲ. ಬೀಸೋಕಲ್ಲಿನ ಹೋಲಿಕೆ ವಾಸಿ: ಕಾಳು ಮುಗಿದ ಮೇಲೂ ಬೀಸಿದರೆ ಕಲ್ಲೇ ಸವೆಯುತ್ತದೆ. ಹಾಗೆಯೇ ಸಲ್ಫೇಟ್ ಮುಗಿದ ಮೇಲೆ ಕರೆಂಟು ಬ್ಯಾಟರಿಯ ನೀರನ್ನೇ ತಿನ್ನುತ್ತದೆ.

1800ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ತಾನು ಮಾಡಿದ ಮೊದಲ ಬ್ಯಾಟರಿಯ ಸುದ್ದಿ ಲಂಡನ್ನಿಗೆ ಕಳಿಸಿದ. ಅಲ್ಲಿ ನಿಕಲ್ಸನ್, ಕಾರ್ಲೈಲ್ ಎಂಬಿಬ್ಬರು ತಾವೂ ಒಂದು ಕಟ್ಟಿ, ತಂತಿಗಳನ್ನು ನೀರಿಗಿಳಿಸಿ ಗುಳ್ಳೆ ನೋಡಿದರು: ಹೈಡ್ರೋಜನ್, ಆಕ್ಸಿಜನ್. ಕಾರ್ಲೈಲ್ ಸರ್ಜನ್ ಬೇರೆ! ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಪ್ಲಾಂಟೆ ಮಾಡಿದ್ದು 1859ರಲ್ಲಿ. ಅಂದರೆ ನಮ್ಮ ಟ್ರಾಲ್ ಬೋಟಿನ ಬ್ಯಾಟರಿ ಪೆಟ್ಟಿಗೆಯಲ್ಲಿ ನಡೆಯುತ್ತಿರುವುದು ಸೀಸದ ಬ್ಯಾಟರಿಗಿಂತಲೂ ಹಳೆಯ ಪ್ರಯೋಗ.

ಲೆಕ್ಕ ಹಾಕೋಣ. ಫುಲ್ ಆದ ಮೇಲೂ 10 ಆಂಪಿಯರ್ ಒಂದು ಗಂಟೆ ಹರಿದರೆ 12 ವೋಲ್ಟಿನ ಬ್ಯಾಟರಿಯ ಆರು ಸೆಲ್‌ಗಳಿಂದ (ಒಳಗಿನ ಖಾನೆಗಳಿಂದ) 25 ಲೀಟರಿಗೂ ಜಾಸ್ತಿ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. 500 ಲೀಟರಿನ ಮುಚ್ಚಿದ ಜಾಗಕ್ಕೆ ಇದು 20 ಲೀಟರ್, ಅಷ್ಟೇ. ಬಣ್ಣವಿಲ್ಲ, ವಾಸನೆಯಿಲ್ಲ. ಅಡುಗೆ ಗ್ಯಾಸ್ ಬೋಟಿನ ತಳಕ್ಕಿಳಿದು ಕೂರುತ್ತದೆ, ಹೈಡ್ರೋಜನ್ ಮೇಲೇರಿ ಮುಚ್ಚಳದಡಿ ಸೇರುತ್ತದೆ. ಆದ್ದರಿಂದ ಪೆಟ್ಟಿಗೆಯ ತೂತು ಮೇಲ್ಭಾಗದಲ್ಲೇ ಇರಬೇಕು. ನಿಂಬೆ-ಮೆಣಸು ಕಟ್ಟುವುದಕ್ಕೆ ನನ್ನ ತಕರಾರಿಲ್ಲ, ಆ ತೂತಿಗೆ ಅಡ್ಡ ಕಟ್ಟಬೇಡಿ.

ಇನ್ನು ಕಿಡಿ. ಚಾರ್ಜರ್ ಆನ್ ಇದ್ದಾಗಲೇ ಕ್ಲಿಪ್ ಕಿತ್ತರೆ ಕಿಡಿ ಹಾರುವುದು ಗ್ಯಾಸಿನ ನಡುವೆಯೇ. ಮೊದಲು ಸ್ವಿಚ್ ಆಫ್, ಸ್ವಲ್ಪ ಹೊತ್ತು ಗಾಳಿಯಾಡಲಿ, ಆಮೇಲೆ ಕ್ಲಿಪ್. ಕಡಲಲ್ಲಿ ಚಾರ್ಜ್ ಮಾಡುವುದು ಇಂಜಿನ್ನಿನ ಆಲ್ಟರ್ನೇಟರ್; ಅದರ ವೋಲ್ಟೇಜನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್ ಕೆಟ್ಟರೂ ಹೀಗೇ ಗ್ಯಾಸ್ ಬರುತ್ತದೆ. ಲಿಥಿಯಂ ಬ್ಯಾಟರಿಯಾದರೆ ಅದಕ್ಕೆಂದೇ ಮಾಡಿದ ಚಾರ್ಜರ್ ಬೇಕು. ಅದು ಬೇರೆಯೇ ಜಾತಿ.

ಕುದಿಯುವ ಮಾತು ಪೂರ್ತಿ ದಾರಿ ತಪ್ಪಿಸುವುದು ಜುಲೈ ಕೊನೆಯಲ್ಲಿ. ಜೂನ್ 1ರಿಂದ 61 ದಿನ ಮೀನುಗಾರಿಕೆ ನಿಷೇಧ. ಬೋಟು ನಿಂತಿರುತ್ತದೆ, ಬ್ಯಾಟರಿ ತನ್ನಷ್ಟಕ್ಕೇ ಇಳಿಯುತ್ತದೆ, ಸಲ್ಫೇಟ್ ಗಟ್ಟಿಯಾಗುತ್ತದೆ. ಅಂಥ ಬ್ಯಾಟರಿಗೆ ಚಾರ್ಜರ್ ಹಾಕಿದರೆ ವೋಲ್ಟೇಜ್ ಬೇಗ ಏರಿ ಬೇಗ ಗುಳ್ಳೆ ಬರುತ್ತದೆ. “ಬೇಗ ಫುಲ್ ಆಯ್ತು” ಅಂತ ಖುಷಿ! ಚಾರ್ಜ್ ಮಾತ್ರ ಒಳಗೆ ಹೋಗಿಯೇ ಇಲ್ಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿದ್ದರೆ ಇಷ್ಟಾಗುತ್ತಿರಲಿಲ್ಲ, ಅಲ್ವಾ?

ನಂಬಬೇಕಾದ್ದು ಹೈಡ್ರೋಮೀಟರನ್ನು, ಅಂದರೆ ಬ್ಯಾಟರಿಯ ಆಸಿಡ್ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಅಂತ ತೋರಿಸುವ ಸಾಧನವನ್ನು. ಚಾರ್ಜರ್ ಓಡುತ್ತಿರುವಾಗಲೂ ಎರಡು-ಮೂರು ಗಂಟೆ ಅಳತೆ ಏರದೆ ನಿಂತರೆ ಇನ್ನು ಏರುವಂಥದ್ದಿಲ್ಲ. ಆರೂ ಸೆಲ್‌ಗಳಲ್ಲಿ ಅದು 1.24ರಿಂದ 1.28ರೊಳಗೆ ಇದ್ದರೆ ಸರಿ. ಒಂದೇ ಸೆಲ್ ಬಹಳ ಕೆಳಗಿದ್ದರೆ ಆ ಬ್ಯಾಟರಿಯನ್ನು ನೆಚ್ಚಿಕೊಂಡು ಕಡಲಿಗಿಳಿಯಬೇಡಿ.