ಪಿಡಿಎಫ್ ಫಾರ್ವರ್ಡ್ ಸಾಕು ಮಾಡಿ, ಪ್ರಶ್ನೆ ಹಾಕಿ

ಪರೀಕ್ಷೆ ಹತ್ತಿರ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಪಿಯುಸಿ ಮಕ್ಕಳ ಗ್ರೂಪ್‌ಗಳಲ್ಲಿ ಪಿಡಿಎಫ್‌ಗಳ ಮಳೆ. ಡೌನ್‌ಲೋಡ್ ಮಾಡಿಟ್ಟರೆ ಓದಿದ ಹಾಗೆ ಎಂಬ ಭ್ರಮೆ ಮಕ್ಕಳದು, ಮೊಬೈಲ್ ಕಿತ್ತಿಟ್ಟರೆ ಅಂಕ ಬರುತ್ತದೆ ಎಂಬ ನಂಬಿಕೆ ಹೆತ್ತವರದು. ಎರಡೂ ತಪ್ಪು. ಓದಿದ್ದನ್ನು ಪುಸ್ತಕ ಮುಚ್ಚಿ ಎಷ್ಟು ಸಲ ನೆನಪಿಸಿಕೊಳ್ಳುತ್ತೇವೋ ಅಷ್ಟು ಅದು ಗಟ್ಟಿಯಾಗುತ್ತದೆ. ಆ ಕೆಲಸಕ್ಕೆ ಇದೇ ಮೊಬೈಲ್ ಚೆನ್ನಾಗಿ ಒದಗುತ್ತದೆ.

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಬಿಟ್ಟು ಬಿಟ್ಟು ಮತ್ತೆ ಕಲಿತು, ಎಷ್ಟು ಶ್ರಮ ಉಳಿಯಿತೆಂದು ಅಳೆದ; ಉಳಿತಾಯ ಹೆಚ್ಚಿದ್ದಷ್ಟೂ ನೆನಪು ಹೆಚ್ಚು ಉಳಿದಿದೆ ಎಂದರ್ಥ. 1885ರಲ್ಲಿ ಪ್ರಕಟವಾದ ಅವನ ಲೆಕ್ಕದಲ್ಲಿ 20 ನಿಮಿಷದ ನಂತರ ಉಳಿತಾಯ ಶೇ 58, ಒಂದು ದಿನಕ್ಕೆ ಶೇ 34, 31 ದಿನಕ್ಕೆ ಶೇ 21. ದೊಡ್ಡ ನಷ್ಟವೆಲ್ಲ ಮೊದಲ ದಿನವೇ! 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಒಂದು ಗುಂಪಿಗೆ ಪಾಠವನ್ನು ಮತ್ತೆ ಓದಿಸಿದರು, ಇನ್ನೊಂದಕ್ಕೆ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದಾಗ ಓದಿದವರಿಗೆ ಶೇ 42 ನೆನಪಿತ್ತು, ಬರೆದವರಿಗೆ ಶೇ 56. ಬೈಕಿನ ಹಿಂದೆ ಕೂತು ಎಷ್ಟು ಸಲ ಜೋಗಿಮಟ್ಟಿಗೆ ಹೋದರೂ ದಾರಿ ತಲೆಗೆ ಹತ್ತುವುದಿಲ್ಲ; ಬೇರೆಯವರು ಲೆಕ್ಕ ಬಿಡಿಸುವ ವಿಡಿಯೊ ನೋಡುವುದೂ ಹಾಗೆಯೇ.

ಆರೇಳು ಜನ ಸೇರಿ ಟೆಲಿಗ್ರಾಂ ಗ್ರೂಪ್ ಮಾಡಿಕೊಳ್ಳಿ. ಪೋಲ್‌ನಲ್ಲಿ ಕ್ವಿಜ್ ಮೋಡ್ ಆರಿಸಿ, ಸರಿಯುತ್ತರ ಗುರುತಿಸಿ, ಕೆಳಗೆ ಒಂದು ಸಾಲಿನ ವಿವರಣೆ ಬರೆಯಿರಿ. ಉತ್ತರ ಒತ್ತುವವರೆಗೆ ಫಲಿತಾಂಶ ಕಾಣುವುದಿಲ್ಲ ಎನ್ನುವುದೇ ಇದರ ಬೆಲೆ. ವಾಟ್ಸಾಪ್‌ನ ಸಾಮಾನ್ಯ ಪೋಲ್‌ನಲ್ಲಿ ಗೆಳೆಯರ ಮತ ಮೊದಲೇ ಕಾಣುವುದರಿಂದ ನೆನಪಿಸಿಕೊಳ್ಳುವ ಬದಲು ಹಿಂಬಾಲಿಸುವುದಾಗುತ್ತದೆ.

ಪ್ರಶ್ನೆ ಕಟ್ಟುವುದರಲ್ಲೇ ಅರ್ಧ ಓದು ಆಗಿರುತ್ತದೆ. ‘ವಾಣಿವಿಲಾಸ ಸಾಗರ ಯಾವ ನದಿಗೆ ಅಡ್ಡಲಾಗಿದೆ?’ ಎಂದು ಕೇಳಿ ಗಂಗೆ, ಯಮುನೆಯನ್ನು ಆಯ್ಕೆಯಾಗಿ ಕೊಟ್ಟರೆ ಯಾರ ತಲೆಗೂ ಕೆಲಸವಿಲ್ಲ. ವೇದಾವತಿಯ ಪಕ್ಕ ತುಂಗಭದ್ರಾ, ಹರಿದ್ರಾ, ಹೇಮಾವತಿ ಇಡಿ. ಹಗರಿಯನ್ನು ಮಾತ್ರ ಇಡಬೇಡಿ. ಅದು ವೇದಾವತಿಯದೇ ಇನ್ನೊಂದು ಹೆಸರು, ಉತ್ತರ ಎರಡಾಗುತ್ತದೆ. ಭೌತಶಾಸ್ತ್ರದ ಲೆಕ್ಕಕ್ಕೆ ಪೋಲ್ ಸಾಲದು. ಹಾಳೆಯಲ್ಲಿ ಬಿಡಿಸಿದ್ದರ ಫೋಟೊ ಹಾಕಿಸಿ, ಎಲ್ಲಿ ಎಡವಿದ್ದಾರೆಂಬುದು ಅಲ್ಲೇ ಸಿಗುತ್ತದೆ.

ಅದೇ ಪ್ರಶ್ನೆ ಮರುದಿನ, ಆಮೇಲೆ ಮೂರು, ಏಳು, ಇಪ್ಪತ್ತೊಂದನೇ ದಿನ ಮತ್ತೆ ಬರಲಿ. ಪ್ರಶ್ನೆ ಟೈಪ್ ಮಾಡಿ ಕಳುಹಿಸುವ ಗುಂಡಿಯನ್ನು ಒತ್ತಿ ಹಿಡಿದರೆ ದಿನ, ಸಮಯ ನಿಗದಿ ಮಾಡಬಹುದು. ಆಯ್ಕೆಗಳ ಕ್ರಮ ಪ್ರತಿಸಲ ಬದಲಿಸಿ, ಇಲ್ಲದಿದ್ದರೆ ‘ಎರಡನೆಯದು’ ಎಂಬುದಷ್ಟೇ ನೆನಪಲ್ಲಿ ಉಳಿಯುತ್ತದೆ. ಉತ್ತರವನ್ನು ಪಠ್ಯಪುಸ್ತಕದೊಂದಿಗೆ ತಾಳೆ ನೋಡಿ, ಪುಟಸಂಖ್ಯೆಯನ್ನು ವಿವರಣೆಯಲ್ಲೇ ಹಾಕಿ. ತಪ್ಪು ಉತ್ತರ ನಾಲ್ಕು ಸಲ ಬಂದರೆ ತಪ್ಪೇ ಗಟ್ಟಿಯಾಗಿ ಕೂರುತ್ತದೆ.